ಮೂವತ್ತು ಎಂಎಲ್ ಸೀಸೆ

2015ರ ಜುಲೈನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಒಂದು ಅಧಿಸೂಚನೆ ಹೊರಡಿಸಿತು. ಮನುಷ್ಯರಿಗೆಂದು ತಯಾರಾಗುವ ಡೈಕ್ಲೊಫಿನ್ಯಾಕ್ ಇಂಜೆಕ್ಷನ್ನನ್ನು ಇನ್ನು ಮುಂದೆ ಒಂದು ಸಲಕ್ಕೆ ಸಾಕಾಗುವಷ್ಟು, ಅಂದರೆ 3 ಎಂಎಲ್ ಮಾತ್ರ ತುಂಬಿ ಮಾರಬೇಕು ಎಂಬುದು ಅದರ ಸಾರ. ಅಲ್ಲಿಯತನಕ 30 ಎಂಎಲ್ ಸೀಸೆಗಳೂ ಔಷಧದಂಗಡಿಗಳಲ್ಲಿ ಧಾರಾಳವಾಗಿ ಸಿಗುತ್ತಿದ್ದವು. ಔಷಧ ಕಂಪನಿಗಳಿಗೆ ಈ ಆದೇಶ ಹಿಡಿಸಲಿಲ್ಲ. ಕೆಲವು ಮದ್ರಾಸ್ ಹೈಕೋರ್ಟಿನ ಮೆಟ್ಟಿಲೇರಿದವು. 2017ರಲ್ಲಿ ನ್ಯಾಯಾಲಯ ಸರ್ಕಾರದ ಆದೇಶವನ್ನೇ ಎತ್ತಿಹಿಡಿಯಿತು. ಹುಲಿಗಣತಿಯ ಸುದ್ದಿಗೆ ಸಿಗುವ ಜಾಗದ ಹತ್ತರಲ್ಲೊಂದು ಪಾಲೂ ಪತ್ರಿಕೆಗಳಲ್ಲಿ ಇದಕ್ಕೆ ಸಿಗಲಿಲ್ಲ. ಆದರೂ ನಮ್ಮ ಕಾಲದಲ್ಲಿ ವನ್ಯಜೀವಿಗಳ ಪರವಾಗಿ ಹೊರಟ ಸರ್ಕಾರಿ ಕಾಗದಗಳಲ್ಲಿ ಯಾವುದು ಮುಖ್ಯ ಎಂದು ಯಾರಾದರೂ ಕೇಳಿದರೆ ನಾನು ಇದನ್ನು ಮೊದಲ ಸಾಲಿನಲ್ಲೇ ಇಡುತ್ತೇನೆ.

ಲೆಕ್ಕ ಸರಳ. ಬೆನ್ನುನೋವೆಂದು ಆಸ್ಪತ್ರೆಗೆ ಬಂದ ವಯಸ್ಕರಿಗೆ ಕೊಡುವುದು 3 ಎಂಎಲ್. ಅದರಲ್ಲಿ 75 ಮಿಲಿಗ್ರಾಂ ಔಷಧ ಇರುತ್ತದೆ. ಹಸುವಿನ ತೂಕಕ್ಕಾದರೆ ಸುಮಾರು 15 ಎಂಎಲ್ ಬೇಕು. 30 ಎಂಎಲ್ ಸೀಸೆಯಿದ್ದರೆ ಎರಡು ಹಸುಗಳಿಗಾಯಿತು. ಅದೇ 3 ಎಂಎಲ್‌ನದಾದರೆ ಒಂದು ಹಸುವಿಗೇ ಐದು ಒಡೆಯಬೇಕು. ಖರ್ಚೂ ಜಾಸ್ತಿ, ಕಿರಿಕಿರಿಯೂ ಜಾಸ್ತಿ. ದೊಡ್ಡ ಸೀಸೆಯ ಮೇಲೆ ‘ಮನುಷ್ಯರಿಗೆ’ ಎಂದು ಬರೆದಿದ್ದರೂ ಅವುಗಳಲ್ಲಿ ಎಷ್ಟೋ ಹೋಗುತ್ತಿದ್ದುದು ಕೊಟ್ಟಿಗೆಗೆ. ಜಾನುವಾರುಗಳಿಗೆ ಈ ಔಷಧ ನಿಷೇಧವಾಗಿ ಆಗಲೇ ಒಂಬತ್ತು ವರ್ಷ ಕಳೆದಿತ್ತು.

ನಿಷೇಧ ಯಾಕಾಯಿತು ಎಂದು ತಿಳಿಯಲು ಸತ್ತ ದನದಿಂದ ಶುರುಮಾಡಬೇಕು.

ಸತ್ತ ದನ ಹಾಕುವ ಜಾಗವೊಂದು ಊರಾಚೆ ಇರುತ್ತಿತ್ತು. ದನ ಸತ್ತರೆ ಚರ್ಮ ಸುಲಿಯುವವರಿಗೆ ಹೇಳಿಕಳಿಸುತ್ತಿದ್ದರು. (ಆ ಕೆಲಸವನ್ನು ಯಾರ ಹೆಗಲಿಗೆ ಹೊರಿಸಿದ್ದರು, ಅವರನ್ನು ಊರು ಹೇಗೆ ನಡೆಸಿಕೊಂಡಿತು ಎಂಬುದು ಆವರಣದೊಳಗೆ ಮುಗಿಸುವ ಮಾತಲ್ಲ. ಆದರೆ ಅದನ್ನು ಬಿಟ್ಟು ಈ ಕತೆ ಹೇಳಿದರೆ ಹಳೆಯ ಹಳ್ಳಿ ಇದ್ದುದಕ್ಕಿಂತ ಚೆಂದವಾಗಿ ಕಾಣುವ ಅಪಾಯವಿದೆ.) ಚರ್ಮ ಹೋದ ಮೇಲೆ ರಣಹದ್ದುಗಳು ಇಳಿಯುತ್ತಿದ್ದವು. ದೊಡ್ಡ ಹಿಂಡಾದರೆ ಒಂದು ಎತ್ತಿನ ಹೆಣ ಗಂಟೆಯೊಳಗೆ ಖಾಲಿ. ಉಳಿದ ಮೂಳೆಯನ್ನು ಆಯ್ದು ಗೊಬ್ಬರದ ಕಾರ್ಖಾನೆಗೆ ಮಾರಿ ಬದುಕುವವರೂ ಇದ್ದರು. ಅವರಿಗೆ ಮೂಳೆ ಸ್ವಚ್ಛವಾಗಿ ಸಿಗುತ್ತಿದ್ದುದು ಹದ್ದುಗಳಿಂದಾಗಿಯೇ.

ನಮ್ಮ ರಣಹದ್ದುಗಳು ಹೆಣ ಹುಡುಕುವುದು ಮೂಗಿನಿಂದಲ್ಲ, ಕಣ್ಣಿನಿಂದ. ಎತ್ತರದಲ್ಲಿ ಒಂದೊಂದೂ ದೂರದೂರದಲ್ಲಿ ತೇಲುತ್ತಿರುತ್ತದೆ. ನೆಲವನ್ನು ನೋಡುವಷ್ಟೇ ಎಚ್ಚರದಿಂದ ಅಕ್ಕಪಕ್ಕದ ಹದ್ದುಗಳನ್ನೂ ನೋಡುತ್ತಿರುತ್ತದೆ. ಒಂದು ರೆಕ್ಕೆ ಮಡಚಿ ಇಳಿಯಿತೆಂದರೆ ಪಕ್ಕದ್ದು ಅತ್ತ ತಿರುಗುತ್ತದೆ, ಅದನ್ನು ಕಂಡು ಅದರಾಚೆಯದು. ಹೀಗೆ ಬರಿಗಣ್ಣಿಗೆ ಒಂದೂ ಕಾಣದಿದ್ದ ಆಕಾಶದಿಂದ ಅರ್ಧ ಗಂಟೆಯಲ್ಲಿ ಐವತ್ತು ಅರವತ್ತು ಹದ್ದು ಇಳಿದುಬಿಡುತ್ತವೆ. ಈ ಗುಣವನ್ನು ನೆನಪಿಟ್ಟುಕೊಳ್ಳಿ. ಮುಂದೆ ಅವುಗಳಿಗೆ ಮುಳುವಾದದ್ದೂ ಇದೇ. ಇವುಗಳ ಜಠರದ ಆಮ್ಲವೂ ಅಷ್ಟೇ ವಿಶೇಷದ್ದು. ಆಂಥ್ರಾಕ್ಸ್ ಬಂದು ಸತ್ತ ದನವನ್ನು ತಿಂದರೂ ಅರಗಿಸಿಕೊಳ್ಳುವಷ್ಟು ಕಟುವಾದದ್ದು. ಕೊಳೆತ ಮಾಂಸದಲ್ಲಿ ಹುಟ್ಟುವ ಯಾವ ನಂಜಿಗೂ ಜಗ್ಗದ ಹಕ್ಕಿ, ಮನುಷ್ಯರು ದಿನನಿತ್ಯ ನುಂಗುವ ನೋವಿನ ಔಷಧಿಗೆ ಸತ್ತಿತು.

ರಾಜಸ್ಥಾನದ ಭರತಪುರದಲ್ಲಿರುವ ಕೇವಲದೇವ ರಾಷ್ಟ್ರೀಯ ಉದ್ಯಾನದಲ್ಲಿ 1980ರ ದಶಕದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಭು ಪ್ರಕಾಶ್ ಬೇಟೆಹಕ್ಕಿಗಳ ಅಧ್ಯಯನ ಮಾಡುತ್ತಿದ್ದರು. ಆಗ ಅಲ್ಲಿ ಬಿಳಿಬೆನ್ನಿನ ರಣಹದ್ದಿನ 353 ಗೂಡುಗಳಿದ್ದವು. 90ರ ದಶಕದ ನಡುವೆ ಅವರು ಅದೇ ಮರಗಳನ್ನು ಮತ್ತೆ ನೋಡಿದಾಗ ಗೂಡುಗಳು ಅರ್ಧಕ್ಕೂ ಕಡಿಮೆಯಾಗಿದ್ದವು. ಗೂಡಿನಲ್ಲಿ, ಕೊಂಬೆಯ ಮೇಲೆ, ಪೊದೆಯಲ್ಲಿ ಸತ್ತ ಹದ್ದುಗಳು. ಬದುಕಿದ್ದವುಗಳಲ್ಲೂ ಕೆಲವು ಕತ್ತು ಜೋತುಬಿಟ್ಟು ಗಂಟೆಗಟ್ಟಲೆ ಕೂತಿರುತ್ತಿದ್ದವು. ದಶಕ ಮುಗಿಯುವಷ್ಟರಲ್ಲಿ ಗೂಡುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು.

ಭರತಪುರವೊಂದರದೇ ಕತೆಯೇ ಎಂದು ನೋಡಲು ಸೊಸೈಟಿಯವರು ದೇಶದುದ್ದಕ್ಕೂ ಜೀಪಿನಲ್ಲಿ ಸಾಗುತ್ತ ಎಣಿಸಿದರು. 1990ರ ದಶಕದ ಆರಂಭದಲ್ಲಿ ಎಣಿಸಿದ್ದ ರಸ್ತೆಗಳನ್ನೇ ಹಿಡಿದು 2000ದಲ್ಲಿ ಒಮ್ಮೆ, ಆಮೇಲೆ ಮತ್ತೆ ಮತ್ತೆ ಎಣಿಸಿದರು. 1992ರಿಂದ 2007ರ ನಡುವೆ ಬಿಳಿಬೆನ್ನಿನ ರಣಹದ್ದು ನೂರಕ್ಕೆ 99.9ರಷ್ಟು ಕಡಿಮೆಯಾಗಿತ್ತು. ಅಂದರೆ ಸಾವಿರ ಇದ್ದಲ್ಲಿ ಒಂದು. ಉದ್ದಕೊಕ್ಕಿನದು ಮತ್ತು ಹಿಮಾಲಯದ ತಪ್ಪಲಿನ ತೆಳುಕೊಕ್ಕಿನದು ಸೇರಿ ನೂರಕ್ಕೆ 97ರಷ್ಟು ಹೋಗಿದ್ದವು. ಕೋಟಿಗಳಲ್ಲಿದ್ದ ಹಕ್ಕಿ ಇಷ್ಟು ಬೇಗ ಖಾಲಿಯಾದ ಉದಾಹರಣೆ ಹುಡುಕಿದರೂ ಸಿಗುವುದು ಕಷ್ಟ. ಅಮೆರಿಕದ ಪ್ಯಾಸೆಂಜರ್ ಪಾರಿವಾಳವನ್ನು ಹೆಸರಿಸುತ್ತಾರೆ. ಅದನ್ನು ಬಂದೂಕು ಹಿಡಿದು ಬೇಟೆಯಾಡಿದ್ದರು. ರಣಹದ್ದಿನ ಕಡೆಗೆ ಇಲ್ಲಿ ಯಾರೂ ಕಲ್ಲು ಕೂಡ ಎಸೆದಿರಲಿಲ್ಲ.

ಊಹೆಗಳಿಗೆ ಬರವಿರಲಿಲ್ಲ. ಆಹಾರ ಸಾಲುತ್ತಿಲ್ಲ ಎಂದರು. ಊರೂರಲ್ಲಿ ಹೆಣಗಳು ಕೊಳೆಯುತ್ತ ಬಿದ್ದಿದ್ದವು. ಕೀಟನಾಶಕ ಎಂದರು, ಸತ್ತ ಹದ್ದುಗಳಲ್ಲಿ ಸಾಯುವಷ್ಟು ಪ್ರಮಾಣ ಸಿಗಲಿಲ್ಲ. ಹೊಸ ವೈರಸ್ ಇರಬೇಕು ಎಂಬ ಊಹೆಯೇ ಹೆಚ್ಚು ಕಾಲ ನಿಂತಿತು, ಅನೇಕ ತಜ್ಞರು ಅದರ ಬೆನ್ನು ಹತ್ತಿ ವರ್ಷಗಳನ್ನು ಕಳೆದರು. ಇಲ್ಲಿ ಒಂದು ತೊಡಕೂ ಇತ್ತು. ನಮ್ಮ ಬಿಸಿಲಿಗೆ ಹಕ್ಕಿಯ ಹೆಣ ಕೆಲವೇ ಗಂಟೆಗಳಲ್ಲಿ ಹಾಳಾಗುತ್ತದೆ. ತಾಜಾ ಹೆಣ ಸಿಕ್ಕರೂ ಸಂರಕ್ಷಿತ ಹಕ್ಕಿಯನ್ನು ಮುಟ್ಟಲು, ಮಾದರಿಯನ್ನು ಹೊರದೇಶದ ಪ್ರಯೋಗಾಲಯಕ್ಕೆ ಕಳಿಸಲು ಅನುಮತಿಯ ಮೇಲೆ ಅನುಮತಿ. ರಕ್ಷಿಸಲೆಂದು ಮಾಡಿದ ಕಾನೂನೇ ಕಾಯಿಲೆ ಪತ್ತೆಗೆ ಅಡ್ಡ ಬಂತು ಎಂದು ಹೇಳಿದರೆ ಅರಣ್ಯ ಇಲಾಖೆಯವರಿಗೆ ಬೇಸರವಾದೀತು. ಆದರೆ ಉತ್ತರ ಸಿಕ್ಕಿದ್ದು ಗಡಿಯಾಚೆ ಎಂಬುದಂತೂ ನಿಜ.

ಪಾಕಿಸ್ತಾನದ ಪಂಜಾಬಿನಲ್ಲಿ ಪೆರೆಗ್ರಿನ್ ಫಂಡ್ ಎಂಬ ಸಂಸ್ಥೆಯ ಪರವಾಗಿ ಅಮೆರಿಕದ ಪಶುವೈದ್ಯ ವಿಜ್ಞಾನಿ ಲಿಂಡ್ಸೆ ಓಕ್ಸ್ ಮತ್ತು ಅಲ್ಲಿನವರೇ ಆದ ಅವರ ಸಹೋದ್ಯೋಗಿಗಳು 2000ದಿಂದ ಸತ್ತ ಹದ್ದುಗಳನ್ನು ಸಂಗ್ರಹಿಸತೊಡಗಿದರು. ಹೊಟ್ಟೆ ಸೀಳಿ ನೋಡಿದರೆ ಹೃದಯ, ಯಕೃತ್ತುಗಳ ಮೇಲೆಲ್ಲ ಸುಣ್ಣ ಬಳಿದಂತೆ ಬಿಳಿ ಪದರ. ಪರೀಕ್ಷಿಸಿದ ಬೆಳೆದ ಹದ್ದುಗಳಲ್ಲಿ ನೂರಕ್ಕೆ 85ರಷ್ಟರಲ್ಲಿ ಇದೇ ನೋಟ.

ಆ ಬಿಳಿ ಪದರ ಏನೆಂದು ತಿಳಿಯಲು ಕಾಗೆಯ ಹಿಕ್ಕೆ ನೋಡಿದರೆ ಸಾಕು. ಅದರಲ್ಲಿರುವ ಬಿಳಿ ಭಾಗ ಹಕ್ಕಿಯ ಮೂತ್ರ. ಪ್ರೋಟೀನು ಕರಗಿ ಉಳಿಯುವ ಸಾರಜನಕದ ಕಸವನ್ನು ನಾವು ಯೂರಿಯಾ ಮಾಡಿ ನೀರಿನಲ್ಲಿ ಕರಗಿಸಿ ಹೊರಹಾಕುತ್ತೇವೆ. ಹಕ್ಕಿಗಳು ಯೂರಿಕ್ ಆಮ್ಲ ಮಾಡುತ್ತವೆ. ಅದು ನೀರಿನಲ್ಲಿ ಕರಗುವುದು ಬಹಳ ಕಡಿಮೆ, ಹಾಗಾಗಿ ಹೆಚ್ಚು ನೀರು ಕಳೆದುಕೊಳ್ಳದೆ ಹಿಟ್ಟಿನ ರೂಪದಲ್ಲಿ ಹೊರಹಾಕಬಹುದು. ಹಾರುವ ಜೀವಿಗೆ ಒಳ್ಳೆಯ ಏರ್ಪಾಡು. ಆದರೆ ರಕ್ತದಿಂದ ಅದನ್ನು ಎಡೆಬಿಡದೆ ಸೋಸಿ ತೆಗೆಯುವ ಕೆಲಸ ಮೂತ್ರಪಿಂಡದ್ದು. ಮೂತ್ರಪಿಂಡ ಕೈಚೆಲ್ಲಿದರೆ ಯೂರಿಕ್ ಆಮ್ಲ ರಕ್ತದಲ್ಲಿ ಏರುತ್ತದೆ, ಕರಗಿ ಉಳಿಯಲಾರದೆ ಅಂಗಾಂಗಗಳ ಮೇಲೆ ಹರಳುಗಟ್ಟುತ್ತದೆ. ಮಾಂಸವನ್ನೇ ತಿನ್ನುವ, ಅಂದರೆ ಬರೀ ಪ್ರೋಟೀನನ್ನೇ ತಿನ್ನುವ ರಣಹದ್ದಿಗೆ ಇದು ಒಂದೆರಡು ದಿನದ ಮಾತು.

ಮೂತ್ರಪಿಂಡ ಕೆಡಿಸಿದ್ದು ಯಾವುದು? ವೈರಸ್ಸು, ಬ್ಯಾಕ್ಟೀರಿಯಾ, ಸೀಸ, ಪಾದರಸ, ಕೀಟನಾಶಕ ಎಲ್ಲಕ್ಕೂ ಪರೀಕ್ಷೆ ನಡೆಯಿತು. ಯಾವುದೂ ಅಲ್ಲ. ಆಗ ಓಕ್ಸ್ ತಂಡ ಪ್ರಯೋಗಾಲಯದಿಂದ ಎದ್ದು ಪೇಟೆಗೆ ಹೋಯಿತು. ಹದ್ದು ತಿನ್ನುವುದು ದನ, ಎಮ್ಮೆ. ಹಾಗಾದರೆ ದನ ಎಮ್ಮೆಗಳೊಳಗೆ ಹೊಸದಾಗಿ ಹೋಗುತ್ತಿರುವುದೇನು? 74 ಮಂದಿ ಪಶುವೈದ್ಯರು ಮತ್ತು ಔಷಧ ವ್ಯಾಪಾರಿಗಳನ್ನು ವಿಚಾರಿಸಿದರು. ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲದ್ದು, ಬಾಯಿಯ ಮೂಲಕ ಹೋದರೂ ಮೈಗೆ ಹತ್ತುವಂಥದ್ದು, ಎಲ್ಲರೂ ಮಾರುವಂಥದ್ದು ಎಂದು ಜರಡಿ ಹಿಡಿದಾಗ ಒಂದೇ ಹೆಸರು ಉಳಿಯಿತು. ಮೂತ್ರಪಿಂಡ ಕೆಟ್ಟು ಸತ್ತಿದ್ದ 25 ಹದ್ದುಗಳಲ್ಲಿ ಅದನ್ನು ಹುಡುಕಿದರು. ಇಪ್ಪತ್ತೈದರಲ್ಲೂ ಡೈಕ್ಲೊಫಿನ್ಯಾಕ್ ಇತ್ತು. ಬೇರೆ ಕಾರಣಕ್ಕೆ ಸತ್ತ 13ರಲ್ಲಿ ಒಂದರಲ್ಲೂ ಇರಲಿಲ್ಲ. ಜೀವಶಾಸ್ತ್ರದಲ್ಲಿ ಇಷ್ಟು ಸ್ವಚ್ಛವಾದ ಉತ್ತರ ಸಿಗುವುದು ಅಪರೂಪ. ಆಮೇಲೆ ಔಷಧ ಕೊಟ್ಟ ಎಮ್ಮೆ, ಮೇಕೆಗಳ ಮಾಂಸವನ್ನು ಸಾಕಿದ ಹದ್ದುಗಳಿಗೆ ತಿನ್ನಿಸಿ ನೋಡಿದರು. ಬಹುಪಾಲು ಸತ್ತವು, ಅದೇ ಬಿಳಿ ಪದರದೊಂದಿಗೆ. 2004ರ ಆರಂಭದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ಕೇಳಿದ ತಕ್ಷಣ ಯಾರಿಗಾದರೂ ಬರುವ ಅನುಮಾನ ಒಂದಿದೆ. ಸೂಜಿ ಹಾಕಿಸಿಕೊಂಡ ದನಗಳೆಲ್ಲ ಸಾಯುವುದಿಲ್ಲ. ಸತ್ತ ದನಗಳಿಗೆಲ್ಲ ಸೂಜಿ ಹಾಕಿಸಿರುವುದಿಲ್ಲ. ಹಾಕಿಸಿದರೂ ಒಂದು ವಾರದೊಳಗೆ ಔಷಧ ದನದ ಮೈಯಿಂದ ಹೋಗಿಬಿಡುತ್ತದೆ. ಸೂಜಿ ಬಿದ್ದ ಎರಡು ಮೂರು ದಿನದಲ್ಲೇ ಸತ್ತು, ಬಯಲಲ್ಲಿ ಬಿದ್ದ ದನವಷ್ಟೇ ಅಪಾಯಕಾರಿ. ಅಂಥವು ಎಷ್ಟಿದ್ದಾವು? ಇಷ್ಟರಿಂದ ಒಂದು ದೇಶದ ಹದ್ದುಗಳು ಮುಗಿದುಹೋಗುತ್ತವೆಯೇ?

ರೈಸ್ ಗ್ರೀನ್ ಎಂಬ ಬ್ರಿಟಿಷ್ ವಿಜ್ಞಾನಿ ಮತ್ತು ಸಂಗಡಿಗರು 2004ರಲ್ಲಿ ಇದನ್ನೇ ಲೆಕ್ಕ ಹಾಕಿದರು. ಅವರ ಗಣಿತ ಕ್ಲಿಷ್ಟವಾದದ್ದು. ತಿರುಳನ್ನು ನಾವೂ ಕಾಗದದ ಮೇಲೆ ಮಾಡಿ ನೋಡಬಹುದು. ರಣಹದ್ದು ದಿನವೂ ತಿನ್ನುವುದಿಲ್ಲ. ಮೂರು ದಿನಕ್ಕೊಮ್ಮೆ ಹೊಟ್ಟೆ ಬಿರಿಯೆ ತಿನ್ನುತ್ತದೆ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ ಸುಮಾರು 120 ಊಟ. ಇನ್ನೂರು ಹೆಣಗಳಲ್ಲಿ ಒಂದರಲ್ಲಿ ಮಾತ್ರ ವಿಷವಿದೆ ಎಂದುಕೊಳ್ಳಿ. ಒಂದು ಊಟ ತಿಂದು ಬದುಕುವ ಸಾಧ್ಯತೆ 0.995, ಹೆದರುವಂಥದ್ದೇನಲ್ಲ. ಆದರೆ ಅದನ್ನು 120 ಸಲ ಗುಣಿಸಿದರೆ 0.55 ಆಗುತ್ತದೆ. ಅಂದರೆ ವರ್ಷದ ಕೊನೆಗೆ ನೂರರಲ್ಲಿ 55 ಹದ್ದು ಉಳಿಯುತ್ತವೆ. ಎರಡನೆಯ ವರ್ಷದ ಕೊನೆಗೆ 30. ಐದನೆಯ ವರ್ಷದ ಕೊನೆಗೆ ಐದು. ಇನ್ನೊಂದು ಕಡೆ, ಜೋಡಿಯೊಂದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಮರಿ ಬೆಳೆದು ತಾನೂ ಮೊಟ್ಟೆಯಿಡಲು ಸುಮಾರು ಐದು ವರ್ಷ ಬೇಕು. ಇಂದು ಹುಟ್ಟಿದ ಮರಿ ಗೂಡು ಕಟ್ಟುವಷ್ಟು ದೊಡ್ಡದಾಗುವ ಹೊತ್ತಿಗೆ ನೂರರಲ್ಲಿ ತೊಂಬತ್ತೈದು ಹೋಗಿರುತ್ತವೆ.

ಗ್ರೀನ್ ತಂಡದ ತೀರ್ಮಾನವೂ ಇದರ ಆಸುಪಾಸಿನದೇ. ನೂರು ಹೆಣಗಳಲ್ಲಿ ಒಂದಕ್ಕಿಂತ ಕಡಿಮೆ ವಿಷವಾಗಿದ್ದರೂ ಕಣ್ಣೆದುರು ಕಂಡ ಕುಸಿತಕ್ಕೆ ಸಾಕು. ಮುಂದೆ ದೇಶದ ನಾನಾ ಕಡೆ ಸತ್ತ ಜಾನುವಾರುಗಳ ಯಕೃತ್ತಿನ 1,800ಕ್ಕೂ ಹೆಚ್ಚು ಮಾದರಿ ತೆಗೆದು ಪರೀಕ್ಷಿಸಿದಾಗ ನೂರಕ್ಕೆ ಹತ್ತರಲ್ಲಿ ಡೈಕ್ಲೊಫಿನ್ಯಾಕ್ ಸಿಕ್ಕಿತು. ಎಲ್ಲವೂ ಸಾಯಿಸುವಷ್ಟು ಪ್ರಮಾಣದಲ್ಲಿ ಇರಲಿಲ್ಲವಾದರೂ ಬೇಕಾದುದಕ್ಕಿಂತ ಎಷ್ಟೋ ಪಟ್ಟು ಹೆಚ್ಚೇ ಇತ್ತು. ಜೊತೆಗೆ ಮೊದಲು ಹೇಳಿದ ಆ ಗುಣ. ಒಂದು ಇಳಿದರೆ ಐವತ್ತು ಇಳಿಯುತ್ತವೆ. ಒಂದು ವಿಷದ ಹೆಣ ಒಂದು ಹಿಂಡನ್ನೇ ಮುಗಿಸುತ್ತದೆ.

ಇಷ್ಟು ದನಗಳಿಗೆ ಈ ಔಷಧ ಹೋದದ್ದಾದರೂ ಯಾಕೆ? 1970ರ ದಶಕದಲ್ಲಿ ಸ್ವಿಟ್ಜರ್‌ಲ್ಯಾಂಡಿನ ಸಿಬಾ-ಗೈಗಿ ಕಂಪನಿ ಮನುಷ್ಯರ ಕೀಲುನೋವಿಗೆಂದು ರೂಪಿಸಿದ ಔಷಧ ಇದು. ಪೇಟೆಂಟಿನ ಅವಧಿ ಮುಗಿದ ಮೇಲೆ, 90ರ ದಶಕದಲ್ಲಿ, ನಮ್ಮ ಕಂಪನಿಗಳು ಅಗ್ಗವಾಗಿ ತಯಾರಿಸತೊಡಗಿದವು. ಪಶುಗಳ ಔಷಧವಾಗಿಯೂ ಮಾರತೊಡಗಿದವು. ಕೆಚ್ಚಲು ಬಾವು, ಕುಂಟು, ಜ್ವರ, ಕರು ಹಾಕಿದ ಮೇಲೆ ಏಳಲಾರದೆ ಬಿದ್ದ ಹಸು, ಎಲ್ಲಕ್ಕೂ ಅದೇ. ಕೆಲವು ಗಂಟೆಗಳಲ್ಲಿ ನೋವು ಇಳಿದು ದನ ಮೇವಿಗೆ ಬಾಯಿ ಹಾಕುತ್ತದೆ. “ಒಂದು ಸೂಜಿ ಹಾಕಿ ಸಾರ್, ಎದ್ದು ನಿಂತ್ಕೊಂಡ್ರೆ ಸಾಕು” ಎನ್ನುವ ಮನೆಯವರ ಮುಖ ನೋಡಿ ಹಾಕದೆ ಇರುವ ದನದ ಡಾಕ್ಟರು ಯಾರು? ಬೇರೆ ದೇಶಗಳಲ್ಲಿ ಇಷ್ಟು ಹೊತ್ತಿಗೆ ಕಸಾಯಿಖಾನೆ ಸೇರುತ್ತಿದ್ದ ಹಸುವನ್ನು ನಮ್ಮಲ್ಲಿ ಕೊನೆಯುಸಿರಿನವರೆಗೂ ಉಳಿಸಿಕೊಳ್ಳಲು ನೋಡುತ್ತಾರೆ. ಹೀಗಾಗಿ ಸೂಜಿ ಬೀಳುವುದು ಸಾಯುವ ಎರಡು ಮೂರು ದಿನ ಮೊದಲೇ. ಹದ್ದಿಗೆ ಅತಿ ಅಪಾಯದ ಹೊತ್ತು ಅದು. ಈ ಕತೆಯಲ್ಲಿ ಲಾಭಕೋರರಿಗಿಂತ ಹಸುವಿನ ನೋವು ನೋಡಲಾರದವರ ಪಾತ್ರವೇ ದೊಡ್ಡದು ಎಂಬುದು ನನಗೆ ಇಂದಿಗೂ ಅರಗದ ಸಂಗತಿ.

ಇನ್ನೊಂದು ವಿಚಿತ್ರ. ಅಮೆರಿಕದ ಟರ್ಕಿ ವಲ್ಚರ್ ಎಂಬ ಹದ್ದಿಗೆ ನಮ್ಮ ಹದ್ದು ಸಾಯುವ ಪ್ರಮಾಣದ ನೂರು ಪಟ್ಟಿಗೂ ಮಿಕ್ಕಿ ಕೊಟ್ಟರೂ ಏನೂ ಆಗಲಿಲ್ಲ. ಅದೂ ಹೆಣ ತಿನ್ನುವ ಹಕ್ಕಿಯೇ. ವಂಶ ಮಾತ್ರ ಬೇರೆ. ಆದ್ದರಿಂದ ಒಂದು ಹಕ್ಕಿಯ ಮೇಲೆ ಪರೀಕ್ಷಿಸಿ ಎಲ್ಲ ಹಕ್ಕಿಗೂ ಸರಿ ಎನ್ನುವಂತಿಲ್ಲ. ಯಾವ ಔಷಧ ಯಾವ ಹದ್ದನ್ನು ಕೊಲ್ಲುತ್ತದೆಂದು ಕೂತಲ್ಲಿಂದಲೇ ಹೇಳುವ ವಿದ್ಯೆ ವಿಜ್ಞಾನಕ್ಕೆ ಇನ್ನೂ ಕೈಗೂಡಿಲ್ಲ.

ಬದಲಿ ಔಷಧ ಬೇಗ ಸಿಕ್ಕಿತು. ದಕ್ಷಿಣ ಆಫ್ರಿಕದಲ್ಲಿ, ಬಳಿಕ ನಮ್ಮಲ್ಲಿ, ಗಾಯಗೊಂಡು ಕಾಡಿಗೆ ಮರಳಲಾರದ ಹದ್ದುಗಳಿಗೆ ಮೆಲಾಕ್ಸಿಕಾಂ ಕೊಟ್ಟು ನೋಡಿದರು; ಒಂದಕ್ಕೂ ತೊಂದರೆಯಾಗಲಿಲ್ಲ. 2006ರಲ್ಲಿ ಭಾರತ, ನೇಪಾಳ, ಪಾಕಿಸ್ತಾನ ಮೂರೂ ದೇಶಗಳು ಜಾನುವಾರುಗಳ ಡೈಕ್ಲೊಫಿನ್ಯಾಕ್ ತಯಾರಿಕೆಯನ್ನು ನಿಲ್ಲಿಸಿದವು. ಕಾರಣ ಗೊತ್ತಾದ ಎರಡೇ ವರ್ಷಕ್ಕೆ ಮೂರು ದೇಶಗಳು ಒಂದು ಹಕ್ಕಿಯ ಸಲುವಾಗಿ ಚಾಲ್ತಿಯಲ್ಲಿದ್ದ ಔಷಧ ನಿಲ್ಲಿಸಿದ್ದು ಸಣ್ಣ ಮಾತಲ್ಲ. ಸರ್ಕಾರಗಳನ್ನು ಬೈಯುವುದಕ್ಕೆ ಮೊದಲು ಇದನ್ನು ಒಪ್ಪಿಕೊಳ್ಳಬೇಕು. ಆದರೆ ಮೆಲಾಕ್ಸಿಕಾಂ ಆಗ ದುಬಾರಿ. ಸತ್ತ ದನಗಳ ಸಮೀಕ್ಷೆಗಳಲ್ಲಿ ಡೈಕ್ಲೊಫಿನ್ಯಾಕ್ ಇಳಿದರೂ ಸೊನ್ನೆಯಾಗಲಿಲ್ಲ. ಯಾಕೆಂದರೆ ಮನುಷ್ಯರ 30 ಎಂಎಲ್ ಸೀಸೆ ಅಂಗಡಿಯಲ್ಲೇ ಇತ್ತು.

ಹದ್ದು ಹೋದರೆ ನಮಗೇನು ಎಂಬ ಪ್ರಶ್ನೆಗೆ ಉತ್ತರ ನಾಯಿಗಳ ರೂಪದಲ್ಲಿ ಬಂತು. ಹದ್ದು ಬಿಟ್ಟ ಹೆಣ ನಾಯಿಗೆ ಸಿಕ್ಕಿತು. 2008ರಲ್ಲಿ ಅನಿಲ್ ಮಾರ್ಕಂಡ್ಯ ಮತ್ತು ಇತರರು ಮಾಡಿದ ಅಂದಾಜಿನ ಪ್ರಕಾರ 1992ರಿಂದ ಹನ್ನೆರಡೋ ಹದಿನಾಲ್ಕೋ ವರ್ಷಗಳಲ್ಲಿ ಹೆಚ್ಚಿದ ನಾಯಿಗಳ ಕಡಿತದಿಂದ 47 ಸಾವಿರಕ್ಕೂ ಹೆಚ್ಚು ಜನ ರೇಬೀಸ್ ಬಂದು ಸತ್ತರು. 2024ರಲ್ಲಿ ಅರ್ಥಶಾಸ್ತ್ರಜ್ಞರಾದ ಇಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ ಇನ್ನೂ ದೊಡ್ಡ ಬಲೆ ಬೀಸಿದರು. ಮೊದಲಿನಿಂದಲೂ ರಣಹದ್ದಿಗೆ ಒಗ್ಗುವ ಜಿಲ್ಲೆಗಳು ಒಂದು ಕಡೆ, ಒಗ್ಗದ ಜಿಲ್ಲೆಗಳು ಇನ್ನೊಂದು ಕಡೆ. ಔಷಧ ಅಗ್ಗವಾಗುವ ಮೊದಲು ಎರಡೂ ಕಡೆ ಸಾವಿನ ಪ್ರಮಾಣ ಜೊತೆಜೊತೆಗೇ ಸಾಗುತ್ತಿತ್ತು. ಆಮೇಲೆ ಹದ್ದು ಇದ್ದ ಜಿಲ್ಲೆಗಳಲ್ಲಿ ನೂರಕ್ಕೆ 4ಕ್ಕೂ ಹೆಚ್ಚು ಏರಿತು. 2000ದಿಂದ 2005ರವರೆಗೆ ಒಟ್ಟು ಐದು ಲಕ್ಷ ಹೆಚ್ಚುವರಿ ಸಾವು ಎಂಬುದು ಅವರ ಅಂದಾಜು. ರೇಬೀಸ್ ಒಂದೇ ಅಲ್ಲ, ಕೆರೆ ಹಳ್ಳಗಳಿಗೆ ಸೇರಿದ ಕೊಳೆತ ಹೆಣಗಳ ಪಾಲೂ ಇದೆ. ಅಂಕಿಯ ಬಗ್ಗೆ ತಕರಾರು ಮಾಡಬಹುದು, ಇಂಥ ಅಧ್ಯಯನಗಳಲ್ಲಿ ಅದು ಇದ್ದದ್ದೇ. ಏರಿದ ದಿಕ್ಕಿನ ಬಗ್ಗೆ ತಕರಾರು ಮಾಡುವುದು ಕಷ್ಟ. ಮುಂಬಯಿಯ ಪಾರ್ಸಿಗಳ ದುಃಖ ಬೇರೆಯದು. ಸತ್ತವರ ದೇಹಗಳನ್ನು ಇಡುವ ದುಂಗರವಾಡಿಯ ದಖ್ಮಾಗಳಲ್ಲಿ ಹದ್ದುಗಳಿಗೆ ಬಿಟ್ಟಿದ್ದ ಕೆಲಸಕ್ಕೆ ಬಿಸಿಲನ್ನು ಒಟ್ಟುಗೂಡಿಸುವ ಕನ್ನಡಿಗಳನ್ನು ಹಾಕಬೇಕಾಯಿತು.

ನಮ್ಮ ರಾಜ್ಯದಲ್ಲಿ ರಣಹದ್ದೆಂದರೆ ರಾಮನಗರದ ರಾಮದೇವರ ಬೆಟ್ಟ. 1975ರಲ್ಲಿ ತೆರೆಕಂಡ ‘ಶೋಲೆ’ ಚಿತ್ರೀಕರಣವಾದ ಬಂಡೆಗಳಲ್ಲೇ ಉದ್ದಕೊಕ್ಕಿನ ರಣಹದ್ದುಗಳ ಗೂಡು. 2012ರಲ್ಲಿ 346 ಹೆಕ್ಟೇರ್ ಜಾಗವನ್ನು ರಣಹದ್ದು ಅಭಯಾರಣ್ಯವೆಂದು ಘೋಷಿಸಲಾಯಿತು. ದೇಶದಲ್ಲಿ ಈ ಹಕ್ಕಿಯ ಹೆಸರಿನಲ್ಲೇ ಆದ ಮೊದಲನೆಯದು. ಘೋಷಣೆ ಆಗಬೇಕಾದದ್ದೇ, ಗೂಡಿರುವ ಬಂಡೆಗೆ ಗಲಾಟೆ ತಪ್ಪಬೇಕು. ಆದರೆ 346 ಹೆಕ್ಟೇರ್ ಎಂದರೆ ಮೂರೂವರೆ ಚದರ ಕಿಲೋಮೀಟರು. ರಣಹದ್ದು ಆಹಾರಕ್ಕಾಗಿ ದಿನಕ್ಕೆ ನೂರು ಕಿಲೋಮೀಟರು ಹೋಗುವುದು ಮಾಮೂಲು. ಅದಕ್ಕೇ ಹದ್ದುಗಳ ತಜ್ಞರು ‘ಸುರಕ್ಷಿತ ವಲಯ’ ಎಂದಾಗ ಗೂಡಿನ ಸುತ್ತ 100 ಕಿಲೋಮೀಟರ್ ತ್ರಿಜ್ಯದ ವೃತ್ತ ಎಳೆಯುತ್ತಾರೆ. ಅದರ ವಿಸ್ತೀರ್ಣ 31 ಸಾವಿರ ಚದರ ಕಿಲೋಮೀಟರ್ ದಾಟುತ್ತದೆ. ರಾಮದೇವರ ಬೆಟ್ಟದಿಂದ ಎಳೆದ ವೃತ್ತದೊಳಗೆ ಬೆಂಗಳೂರು, ಮಂಡ್ಯ, ತುಮಕೂರು, ಆಚೆ ತಮಿಳುನಾಡಿನ ಹೊಸೂರು ಎಲ್ಲ ಬರುತ್ತವೆ. ಹಾಲಿನ ಡೇರಿ ಇಲ್ಲದ ಊರು ಹುಡುಕಬೇಕಾದ ಸೀಮೆ ಇದು. ಹೆಚ್ಚು ಹಾಲು ಕೊಡುವ ಮಿಶ್ರತಳಿ ಹಸು ಇರುವಲ್ಲಿ ಕೆಚ್ಚಲು ಬಾವೂ ಇರುತ್ತದೆ, ಸೂಜಿಯೂ ಇರುತ್ತದೆ. ಬೇಲಿಯೊಳಗೆ ಕಾವಲುಗಾರ, ಬೇಲಿಯಾಚೆ ಊಟ. ರಾಮನಗರದಲ್ಲಿ ಹದ್ದುಗಳು ಬೆರಳೆಣಿಕೆಯಲ್ಲೇ ಉಳಿದಿರುವುದರಲ್ಲಿ ಆಶ್ಚರ್ಯವಿಲ್ಲ.

ಬಂಡೀಪುರ, ನಾಗರಹೊಳೆ, ಮುದುಮಲೆ, ವಯನಾಡುಗಳ ಕತೆ ಬೇರೆ. ಮೂರು ರಾಜ್ಯಗಳು ಕೂಡಿದ ಈ ಕಾಡಿನಲ್ಲಿ ಬಿಳಿಬೆನ್ನಿನದು, ಉದ್ದಕೊಕ್ಕಿನದು, ಕೆಂಪುತಲೆಯದು ಮೂರೂ ಇವೆ. 2023ರಲ್ಲಿ ಮೂರು ರಾಜ್ಯಗಳ ಅರಣ್ಯ ಇಲಾಖೆಗಳು ಒಟ್ಟಾಗಿ ಎಣಿಸಿದಾಗ ಮುನ್ನೂರರ ಆಸುಪಾಸು ಸಿಕ್ಕವು. ಮೋಯಾರಿನ ದಂಡೆಯ ಹೊಳೆಮತ್ತಿ ಮರಗಳಲ್ಲಿ ಗೂಡು. ಇಲ್ಲಿ ಅವು ಉಳಿದದ್ದಕ್ಕೆ ಮುಖ್ಯ ಕಾರಣ ಹುಲಿ. ಹುಲಿ ತಿಂದು ಬಿಟ್ಟ ಕಾಟಿ, ಕಡವೆಗಳಿಗೆ ಯಾರೂ ಸೂಜಿ ಹಾಕಿರುವುದಿಲ್ಲ. ಹುಲಿಯಿಂದಲೇ ಇನ್ನೊಂದು ಅಪಾಯ: ಕಾಡಂಚಿನಲ್ಲಿ ದನ ಕಳೆದುಕೊಂಡವರು ಸಿಟ್ಟಿನಲ್ಲಿ ಆ ಹೆಣಕ್ಕೆ ಕೀಟನಾಶಕ ಸುರಿದರೆ ಹುಲಿಗೆ ಮೊದಲೇ ಹದ್ದು ಇಳಿಯುತ್ತದೆ. ದನಕ್ಕೆ ಪರಿಹಾರದ ಹಣ ತಡವಾದಷ್ಟೂ ಹದ್ದಿಗೆ ಅಪಾಯ ಜಾಸ್ತಿ.

ನೇಪಾಳದವರು ಈ ವಿಷಯದಲ್ಲಿ ನಮಗಿಂತ ಮುಂದೆ ಹೋದರು. ಚಿತವನದ ಪಕ್ಕದ ಪಿಠೌಲಿ ಎಂಬ ಊರಿನಲ್ಲಿ 2006ರಲ್ಲಿ ‘ಜಟಾಯು ರೆಸ್ಟೋರೆಂಟ್’ ಶುರುವಾಯಿತು. ಗೇಯ್ಮೆ ಮುಗಿದ ಮುದಿ ದನಗಳನ್ನು ಊರವರೇ ಕೊಂಡು ಸಾಕುತ್ತಾರೆ, ಬೇಕಾದರೆ ಹದ್ದಿಗೆ ಹಾನಿಯಿಲ್ಲದ ಔಷಧವನ್ನಷ್ಟೇ ಕೊಡುತ್ತಾರೆ, ತಾನಾಗಿ ಸತ್ತ ಮೇಲೆ ಬಯಲಿಗೆ ಹಾಕುತ್ತಾರೆ. ಸುತ್ತಲಿನ ಜಿಲ್ಲೆಗಳ ಔಷಧದಂಗಡಿಗಳಿಂದ ಹಳೆಯ ದಾಸ್ತಾನನ್ನು ಹಿಂದಕ್ಕೆ ತೆಗೆಸಿದರು. ಅಲ್ಲಿ ಬಿಳಿಬೆನ್ನಿನ ಹದ್ದುಗಳ ಸಂಖ್ಯೆ ನಿಧಾನವಾಗಿ ಏರಿದೆ. ನಮ್ಮಲ್ಲಿ ಏರಿಲ್ಲ. ಕುಸಿತ ನಿಂತಿದೆ, ಅಷ್ಟೇ. 2015ರ ಸಮೀಕ್ಷೆಯ ಅಂದಾಜು: ಬಿಳಿಬೆನ್ನಿನವು 6,000, ಉದ್ದಕೊಕ್ಕಿನವು 12,000, ತೆಳುಕೊಕ್ಕಿನವು 1,000. ಹರಿಯಾಣದ ಪಿಂಜೋರಿನಲ್ಲಿ ಹದ್ದುಗಳನ್ನು ಸಾಕಿ ಮರಿ ಮಾಡಿಸುವ ಕೇಂದ್ರವಿದೆ, ಬಂಗಾಳ, ಅಸ್ಸಾಂ, ಮಧ್ಯಪ್ರದೇಶಗಳಲ್ಲೂ ಇವೆ. ಅಲ್ಲಿ ಬೆಳೆದ ಹಕ್ಕಿಗಳನ್ನು ಹೊರಗೆ ಬಿಡಲು ಬಹಳ ವರ್ಷ ಹಿಂದೆಮುಂದೆ ನೋಡಿದ್ದು, ಹೊರಗಿನ ಹೆಣಗಳಲ್ಲಿ ಏನಿದೆಯೋ ಎಂಬ ಅಂಜಿಕೆಯಿಂದ.

ಆ ಅಂಜಿಕೆ ಸುಳ್ಳಲ್ಲ. ಡೈಕ್ಲೊಫಿನ್ಯಾಕ್ ಹಿಂದೆ ಸರಿದಾಗ ಅದರ ಜಾಗಕ್ಕೆ ಮೆಲಾಕ್ಸಿಕಾಂ ಒಂದೇ ಬರಲಿಲ್ಲ. ಕೀಟೊಪ್ರೊಫೇನ್ ಬಂತು, ಅದು ಹದ್ದನ್ನು ಕೊಲ್ಲುತ್ತದೆಂದು 2009ರಲ್ಲೇ ತಿಳಿಯಿತು. ಅಸಿಕ್ಲೊಫಿನ್ಯಾಕ್ ಬಂತು; ಅದು ಹಸುವಿನ ಮೈಯೊಳಗೆ ಹೋಗುತ್ತಿದ್ದಂತೆ ಡೈಕ್ಲೊಫಿನ್ಯಾಕ್ ಆಗಿಯೇ ಮಾರ್ಪಡುತ್ತದೆ. ನಿಮೆಸುಲೈಡ್ ಬಂತು. ಬಾಂಗ್ಲಾದೇಶ 2021ರಲ್ಲಿ ಕೀಟೊಪ್ರೊಫೇನ್ ನಿಷೇಧಿಸಿತು. ಭಾರತ ಕೀಟೊಪ್ರೊಫೇನ್ ಮತ್ತು ಅಸಿಕ್ಲೊಫಿನ್ಯಾಕ್ ಎರಡನ್ನೂ ಜಾನುವಾರುಗಳಿಗೆ ನಿಷೇಧಿಸಿದ್ದು 2023ರ ಜುಲೈನಲ್ಲಿ, ನಿಮೆಸುಲೈಡನ್ನು 2024ರ ಕೊನೆಗೆ. ಮೊದಲ ಸಲ ಎರಡು ವರ್ಷದಲ್ಲಿ ಆದ ಕೆಲಸಕ್ಕೆ ಕೀಟೊಪ್ರೊಫೇನ್ ವಿಷಯದಲ್ಲಿ ಹದಿನಾಲ್ಕು ವರ್ಷ ಹಿಡಿಯಿತು. ಸ್ಪೇನ್ ಅಂತೂ ನಮ್ಮ ಕತೆಯೆಲ್ಲ ಗೊತ್ತಿದ್ದೂ 2013ರಲ್ಲಿ ಜಾನುವಾರುಗಳಿಗೆ ಡೈಕ್ಲೊಫಿನ್ಯಾಕ್ ಕೊಡಲು ಪರವಾನಗಿ ಕೊಟ್ಟಿತು, ಕೆಲ ವರ್ಷಗಳಲ್ಲೇ ಅಲ್ಲಿ ಕಪ್ಪು ರಣಹದ್ದಿನ ಮರಿಯೊಂದು ಅದರಿಂದ ಸತ್ತದ್ದು ದಾಖಲಾಯಿತು.

ಔಷಧ ಮಾರುಕಟ್ಟೆಗೆ ಬರುವ ಮೊದಲೇ ಹದ್ದಿನ ಮೇಲೆ ಪರೀಕ್ಷಿಸಿ ಎನ್ನುವುದು ಸುಲಭ. ಪರೀಕ್ಷಿಸಲು ಹದ್ದು ಬೇಕು. ಔಷಧ ವಿಷವೆಂದು ಸಾಬೀತಾದರೆ ಆ ಹದ್ದು ಸಾಯುತ್ತದೆ. ವರ್ಷಕ್ಕೊಂದು ಮೊಟ್ಟೆಯಿಡುವ, ಸಾವಿರಗಳಲ್ಲಷ್ಟೇ ಉಳಿದಿರುವ ಹಕ್ಕಿಯನ್ನು ಯಾರು ತಾನೇ ಮುಂದೊಡ್ಡುತ್ತಾರೆ? ನಮ್ಮಲ್ಲಿ ನಿಮೆಸುಲೈಡಿನಂಥ ಪರೀಕ್ಷೆಗಳಿಗೆ, ಅಷ್ಟೊಂದು ಕಂಗೆಟ್ಟಿಲ್ಲದ ಹತ್ತಿರದ ಸಂಬಂಧಿ ಹಿಮಾಲಯನ್ ಗ್ರಿಫನ್ ಹದ್ದುಗಳನ್ನು ಬಳಸಿದ್ದಾರೆ. ಅದೂ ಬೆರಳೆಣಿಕೆಯಷ್ಟು ಹಕ್ಕಿಗಳನ್ನು ಮಾತ್ರ. ಹಾಗಾಗಿ ಪರೀಕ್ಷೆಗಳು ನಿಧಾನ, ಪೇಟೆಗೆ ಹೊಸ ಹೆಸರಿನ ಸೀಸೆಗಳು ಬರುವುದು ಬೇಗ. ಈತನಕ ಪರೀಕ್ಷೆಯಲ್ಲಿ ಸರಿಯಾಗಿ ಪಾಸಾದ ನೋವಿನ ಔಷಧಗಳು ಎರಡು: ಮೆಲಾಕ್ಸಿಕಾಂ ಮತ್ತು ಟಾಲ್ಫೆನಾಮಿಕ್ ಆಮ್ಲ. ಪೇಟೆಂಟ್ ಮುಗಿದು ಮೆಲಾಕ್ಸಿಕಾಂ ಬೆಲೆಯೂ ಈಗ ಇಳಿದಿದೆ. ಎರಡೂ ಹೆಸರು ಸೀಸೆಯ ಮೇಲೆ ಸಣ್ಣ ಅಕ್ಷರದಲ್ಲಿರುತ್ತವೆ. ದನದ ಡಾಕ್ಟರು ಚೀಟಿ ಬರೆಯುವಾಗ ಹೆಸರು ಹಿಡಿದು ಕೇಳಿದರೆ ಬರೆದುಕೊಡುತ್ತಾರೆ.